ಸ್ಟೂಡೆಂಟ್ ಸಿನಿಮಾ ನೋಡಿದ ಮೇಲೆ ಮೈಕ್ ಕೈಗೆ ಬಂದರೆ ಏನು ಮಾತಾಡೋದು?

ಕೊನೆಸಾಲು:

ಕಳೆದ ಶನಿವಾರ ಮೊದಲ ಸಲ ಒಂದು ಸ್ಟೂಡೆಂಟ್ ಫಿಲ್ಮ್ ಫೆಸ್ಟಿವಲ್‌ಗೆ ಹೋಗಿದ್ದೆ. ಸಿನಿಮಾ ನೋಡೋದು ನನಗೆ ಹೊಸದಲ್ಲ. ಆದರೆ ಲೈಟ್ ಹಾಕಿದ ತಕ್ಷಣ ಸಿನಿಮಾ ಮಾಡಿದವರೇ ಎದುರಿಗೆ ಬಂದು ನಿಲ್ಲೋದು ಹೊಸದು. ಆರು ಶಾರ್ಟ್ ಫಿಲ್ಮ್, ಒಂದರ ಹಿಂದೆ ಒಂದು. ಮುಗಿದ ಮೇಲೆ ಆರೂ ಜನ ಪರದೆ ಮುಂದೆ ಸಾಲಾಗಿ ನಿಂತರು. ಎಲ್ಲರ ಕೈಯೂ ಬೆನ್ನ ಹಿಂದೆ, ಶಾಲೆಗೆ ತಡವಾಗಿ ಬಂದವರ ಹಾಗೆ.

ಮೂರನೆಯದು 14 ನಿಮಿಷದ ಸಿನಿಮಾ. ತೀರಿಹೋದ ಅಜ್ಜನ ಕೋಣೆ ಖಾಲಿ ಮಾಡಲು ಮೊಮ್ಮಗಳು ಬರುತ್ತಾಳೆ. ಬಟ್ಟೆ ಮಡಿಸುತ್ತಾಳೆ. ಫೋನಿನಲ್ಲಿ ಅಮ್ಮನ ಹತ್ತಿರ ಏನೋ ಮಾತಾಡುತ್ತಾಳೆ. ನಿಂತುಹೋದ ಗೋಡೆ ಗಡಿಯಾರಕ್ಕೆ ಕೀ ಕೊಡುತ್ತಾಳೆ. ಆಮೇಲೆ ಬರೀ ಗಡಿಯಾರ. ಟಿಕ್, ಟಿಕ್. ಒಂದು ನಿಮಿಷದ ಮೇಲಾಯ್ತು, ಕಟ್ ಆಗಲೇ ಇಲ್ಲ.

ಮೈಕ್ ನಮ್ಮ ಸಾಲಿಗೆ ಬಂತು. ಪಕ್ಕದವರು ಮುಟ್ಟಲಿಲ್ಲ, ನನ್ನ ಕೈಗೆ ದಾಟಿಸಿದರು. ಕೈಗೆ ಬಂದ ಮೇಲೆ ಸುಮ್ನಿರೋಕೆ ಆಗುತ್ತಾ? "ಚೆನ್ನಾಗಿತ್ತಮ್ಮ. ಆದರೆ ಗಡಿಯಾರದ ಶಾಟ್ ತುಂಬಾ ಉದ್ದ ಆಯ್ತು, ಅರ್ಧ ಕತ್ತರಿಸಬಹುದಿತ್ತು. ಫೋನಿನ ಮಾತೂ ಸರಿಯಾಗಿ ಕೇಳಿಸಲಿಲ್ಲ" ಅಂದೆ. ಹುಡುಗಿ "ಥ್ಯಾಂಕ್ಸ್ ಸಾರ್" ಅಂದಳು. ಅಷ್ಟೇ. ಆಮೇಲೆ ಯಾರು ಏನು ಕೇಳಿದರೂ ನೆಲ ನೋಡಿಕೊಂಡೇ ಇದ್ದಳು.

ಹೊರಗೆ ಬಾಗಿಲ ಹತ್ತಿರ ಗೆಳೆಯರ ಜೊತೆ ನಿಂತಿದ್ದಳು. 52 ವರ್ಷದ ನಾನು ಮೊಬೈಲ್ ನೋಡುವ ನಾಟಕ ಮಾಡಿ ದಾಟಿಬಂದೆ.

ನಾನು ಹೇಳಿದ್ದು ಸುಳ್ಳಲ್ಲ. ಆದರೂ ಏನೋ ಸರಿಯಿಲ್ಲ ಅನಿಸುತ್ತಿದೆ. ಮುಂದಿನ ವಾರ ಇನ್ನೊಂದು ಪ್ರದರ್ಶನ ಇದೆ. ಬಾಯಿ ಮುಚ್ಚಿಕೊಂಡು ಕೂರೋದೇ ವಾಸಿಯಾ?

ಬೂಮ್‌ಹಿಡಿದವ:

ನಾನು ಸೌಂಡ್‌ನವನು, ಅದಕ್ಕೆ ಫೋನಿನ ಮಾತಿನ ವಿಷಯ ಮಾತ್ರ ಹೇಳುತ್ತೇನೆ. ತಪ್ಪು ಅವಳದ್ದೇ ಅಂತ ಹೇಳೋಕೆ ಆಗಲ್ಲ.

ಸ್ಟೂಡೆಂಟ್‌ಗಳು ಜಾಸ್ತಿ ಹೆಡ್‌ಫೋನ್ ಹಾಕಿಕೊಂಡೇ ಮಿಕ್ಸ್ ಮಾಡುತ್ತಾರೆ, ಅಂದರೆ ಮಾತು, ಸದ್ದು ಎಲ್ಲ ಹದವಾಗಿ ಬೆರೆಸುತ್ತಾರೆ. ಕಿವಿಯೊಳಗೆ ಪಿಸುಮಾತೂ ಸ್ಪಷ್ಟ. ಅದೇ ಫೈಲ್ ದೊಡ್ಡ ಹಾಲ್‌ಗೆ ಬಂದರೆ ಕತೆ ಬೇರೆ. ಥಿಯೇಟರಿನ 5.1 ವ್ಯವಸ್ಥೆಯಲ್ಲಿ (ಐದು ಕಡೆಯಿಂದ ಸದ್ದು, ಜೊತೆಗೆ ದಪ್ಪ ಸದ್ದಿಗೇ ಒಂದು) ಮಾತು ಸಾಮಾನ್ಯವಾಗಿ ಪರದೆ ಹಿಂದಿನ ನಡು ಸ್ಪೀಕರಿನಿಂದ ಬರುತ್ತದೆ. ಎಲ್ಲಿ ಕೂತರೂ ಬಾಯಿಂದಲೇ ಬಂದ ಹಾಗಿರುತ್ತದೆ. ಇವರ ಹತ್ತಿರ ಇರೋದು ಬರೀ ಸ್ಟೀರಿಯೋ ಫೈಲ್. ಲ್ಯಾಪ್‌ಟಾಪಿನಿಂದ ಹಾಗೇ ಹಾಕಿದರೆ ನಡು ಸ್ಪೀಕರ್ ಮೂಕ, ಎಡ ಬಲ ಎರಡೇ ಮಾತಾಡುತ್ತವೆ. ಮಧ್ಯೆ ಕೂತವರಿಗೆ ಪರವಾಗಿಲ್ಲ. ಮೂಲೆಯವರಿಗೆ ಹತ್ತಿರದ ಸ್ಪೀಕರಿನದ್ದೇ ರಾಜ್ಯ.

ಇನ್ನೊಂದು. ಆರು ಸಿನಿಮಾ ಆರು ಲೆವೆಲ್‌ನಲ್ಲಿ ಇರುತ್ತವೆ. ಎರಡನೆಯದು ಕಿರುಚಿದರೆ ಆಪರೇಟರ್ ವಾಲ್ಯೂಮ್ ಇಳಿಸುತ್ತಾನೆ, ಮೂರನೆಯದಕ್ಕೆ ಏರಿಸೋಕೆ ಮರೆಯುತ್ತಾನೆ. ಆಗ ಟಿಕ್ ಟಿಕ್ ಥರದ ಚೂಪು ಸದ್ದು ಉಳಿಯುತ್ತದೆ, ಮೆಲ್ಲಗಿನ ಮಾತು ಹೋಗುತ್ತದೆ. ನೀವು ಹೇಳೋದೂ ಇದನ್ನೇ ಅಲ್ವಾ?

ಇನ್ನು ಮೇಲೆ "ಕೇಳಿಸಲಿಲ್ಲ" ಅನ್ನುವಾಗ ಎಲ್ಲಿ ಕೂತಿದ್ದೆ ಅಂತಲೂ ಹೇಳಿ. ಎಲ್ಲಿ ಕೂತಿದ್ರಿ?

ಎಡಿಟ್‌ಟೇಬಲ್:

ಹತ್ತು ವರ್ಷದ ಹಿಂದೆ ಆ ಸಾಲಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ನಾನೂ ನಿಂತಿದ್ದೆ. ಈಗ ಎಡಿಟಿಂಗ್ ಕೆಲಸ.

ನನ್ನದು 11 ನಿಮಿಷದ ಸಿನಿಮಾ. ಗಂಡ ಮನೆ ಬಿಟ್ಟು ಹೋಗುವ ಕತೆ. ಅವತ್ತು ಮೊದಲು ಎದ್ದವರೊಬ್ಬರು ತಾವಾಗಿದ್ದರೆ ಇದನ್ನು ಹೇಗೆ ತೆಗೆಯುತ್ತಿದ್ದೆ ಅಂತ ನಾಲ್ಕು ನಿಮಿಷ ವಿವರಿಸಿದರು. ಮಳೆ ಇರಬೇಕಿತ್ತಂತೆ. ನಾನು ತಲೆ ಆಡಿಸಿದೆ. ಮಳೆ ಬಿಟ್ಟು ಒಂದು ಮಾತೂ ನೆನಪಿಲ್ಲ.

ಆಮೇಲೆ ಒಬ್ಬ ಹೆಂಗಸು ಎದ್ದು, "ಅವನು ಒಂದೇ ಒಂದು ತಟ್ಟೆ ತೊಳೆದು, ಉಳಿದದ್ದನ್ನು ಸಿಂಕಿನಲ್ಲೇ ಬಿಟ್ಟಾಗಲೇ ಇವನು ಹೊರಟ ಅಂತ ನನಗೆ ಗೊತ್ತಾಯ್ತು" ಅಂದು ಕೂತರು. ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ನನಗೆ ಬೆವರು ಬಂತು. ಯಾಕಂದ್ರೆ "ನಾನು ಹೊರಡ್ತೀನಿ" ಅಂತ ಅವನು ಬಾಯಿಬಿಟ್ಟು ಹೇಳೋದು ಮೂರು ನಿಮಿಷ ಆದ ಮೇಲೆ. ಅದನ್ನು ಬರೆಯಲು ಎರಡು ವಾರ ತಿಣುಕಿದ್ದೆ. ಅವರಿಗೆ ತಟ್ಟೆಯಲ್ಲೇ ಗೊತ್ತಾಗಿದೆ! ಮನೆಗೆ ಹೋಗಿ ಆ ದೃಶ್ಯದಿಂದ 40 ಸೆಕೆಂಡ್ ಕಿತ್ತೆಸೆದೆ. ಸಿನಿಮಾ ಉಸಿರಾಡಿತು.

ಹಾಗಾಗಿ "ಅರ್ಧ ಕತ್ತರಿಸಿ" ಅನ್ನೋದು ಔಷಧಿ ಚೀಟಿ. ಅವಳಿಗೆ ಬೇಕಾಗಿದ್ದು ನಿಮ್ಮ ನೋವು ಎಲ್ಲಿದೆ ಅನ್ನೋದು. ಗಡಿಯಾರ ನೋಡುತ್ತಾ ನೋಡುತ್ತಾ ಯಾವಾಗ ನಿಮ್ಮ ಗಮನ ಜಾರಿತು? ಜಾರುವ ಮೊದಲು ಏನು ಯೋಚಿಸುತ್ತಿದ್ದಿರಿ? ಅದನ್ನು ನಿಮ್ಮನ್ನು ಬಿಟ್ಟು ಬೇರೆ ಯಾರೂ ಹೇಳೋಕಾಗಲ್ಲ. ಕತ್ತರಿ ಅವಳ ಕೈಯಲ್ಲಿದೆ, ಎಲ್ಲಿ ಹಾಕಬೇಕು ಅಂತ ಅವಳು ನೋಡಿಕೊಳ್ಳುತ್ತಾಳೆ.

ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ಇದಕ್ಕೊಂದು ಕ್ರಮ ಮಾಡಿದರು. ನೋಡಿದವರು ಮೊದಲು ತಮಗೆ ಮನಸ್ಸಿಗೆ ತಟ್ಟಿದ್ದನ್ನು ಹೇಳಬೇಕು. ಆಮೇಲೆ ಮಾಡಿದವರು ಪ್ರಶ್ನೆ ಕೇಳಬೇಕು. ಹೌದು, ಮಾಡಿದವರು! ಮೂರನೆಯದು, ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳಬೇಕು. "ಯಾಕಿಷ್ಟು ಉದ್ದ ಮಾಡಿದ್ರಿ" ಅಂದರೆ ಅದು ಪ್ರಶ್ನೆಯ ವೇಷ ಹಾಕಿದ ಬೈಗುಳ. "ಗಡಿಯಾರದ ಮೇಲೆ ನಿಂತಾಗ ನಾವು ಏನು ಯೋಚಿಸಲಿ ಅಂತ ಇತ್ತು?" ಅಂದರೆ ಪ್ರಶ್ನೆ. ಕೊನೆಗೆ ಅಭಿಪ್ರಾಯ, ಅದೂ "ಶಾಟ್ ಬಗ್ಗೆ ಒಂದು ಮಾತಿದೆ, ಹೇಳಲಾ?" ಅಂತ ಕೇಳಿ. ಬೇಡ ಅನ್ನುವ ಹಕ್ಕು ಅವರಿಗಿದೆ. ತುಂಬಿದ ಹಾಲ್‌ನಲ್ಲಿ ನಾಲ್ಕೂ ಮೆಟ್ಟಿಲು ಹತ್ತೋಕೆ ಆಗಲ್ಲ, ಒಪ್ಪಿದೆ. ಮೊದಲನೆಯದನ್ನು ಮಾಡಿದರೂ ಸಾಕು.

ಮುಲಾಜಿಲ್ಲ:

ಇಷ್ಟೆಲ್ಲ ನಾಜೂಕು ಯಾಕೆ ಸ್ವಾಮಿ? ಜನರ ಮುಂದೆ ಇಟ್ಟ ಮೇಲೆ ಕೇಳಿಸಿಕೊಳ್ಳಬೇಕು. ಸ್ಟೂಡೆಂಟ್ ಅಂದರೆ ಪಾಪು ಅಲ್ಲ. ಫ್ರಾನ್ಸಿನ ಕಾನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಫಿಲ್ಮ್ ಸ್ಕೂಲ್ ಸಿನಿಮಾಗಳಿಗೇ ಒಂದು ವಿಭಾಗ ಇದೆ, ಲಾ ಸಿನೆಫ್ ಅಂತ, 1998ರಿಂದ. 2024ರಲ್ಲಿ ಅಲ್ಲಿ ಮೊದಲ ಬಹುಮಾನ ಬಂದದ್ದು ಒಂದು ಕನ್ನಡ ಶಾರ್ಟ್ ಫಿಲ್ಮಿಗೆ. ಅಲ್ಲಿನ ಜ್ಯೂರಿ ತಲೆ ಸವರಿ ಕೊಟ್ಟಿರುತ್ತಾರಾ? ಎಲ್ಲರೂ "ಸೂಪರ್" ಅಂದದ್ದಕ್ಕೇ ನನ್ನ ಮೊದಲ ಸಿನಿಮಾ ಹಾಳಾಯ್ತು. ಒಬ್ಬನಾದರೂ ಬೋರ್ ಆಯ್ತು ಅಂದಿದ್ದರೆ ಬದುಕುತ್ತಿತ್ತು.

ಎಡಿಟ್‌ಟೇಬಲ್:

ಬೋರ್ ಆಯ್ತು ಅನ್ನಬೇಡಿ ಅಂತ ನಾನೆಲ್ಲಿ ಹೇಳಿದೆ? ಯಾವ ಜಾಗದಲ್ಲಿ ಬೋರ್ ಆಯ್ತು ಅಂತ ಹೇಳಿ ಅಂದೆ. "ಸೂಪರ್" ಕೂಡ ಅದೇ ರೋಗ.

ಮೈಕ್‌ಓಟ:

ಇಂಥ ಕಡೆ ಮೈಕ್ ಹಿಡಿದು ಸಾಲಿಂದ ಸಾಲಿಗೆ ಓಡಾಡೋಳು ನಾನು. ನಮ್ಮ ಕಷ್ಟ ಕೇಳಿ. ಆರು ಸಿನಿಮಾಗೆ ಚರ್ಚೆಗೆ ಅಂತ ಕೊಡೋದು 15 ನಿಮಿಷ. ತಲೆಗೆ ಎರಡೂವರೆ ನಿಮಿಷ. "ಇದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಅಂತ ಶುರು ಮಾಡಿದವರು ಒಬ್ಬರು ಸಿಕ್ಕರೆ ಇಬ್ಬರ ಪಾಲು ಹೋಯ್ತು. ಒಂದೇ ಮಾತು ಹಿಡಿದುಕೊಂಡು ಬನ್ನಿ. ಯಾವ ಕ್ಯಾಮೆರಾ ಅಂತ ಮಾತ್ರ ಕೇಳಬೇಡಿ, ಅದು ಹೊರಗೆ ಬಂದು ಕೇಳಬಹುದು. ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿರುವ ಟೀಮ್ ಹುಡುಗರನ್ನೂ ಕೇಳಿ, ಅವರನ್ನು ಯಾರೂ ಮಾತಾಡಿಸಲ್ಲ.

ಕೊನೆಸಾಲು ಸಾರ್, ಫೆಸ್ಟಿವಲ್‌ನವರಿಗೆ ಒಂದು ಮೇಲ್ ಹಾಕಿ, ಅವಳಿಗೆ ತಲುಪಿಸುತ್ತಾರೆ. ಎಲ್ಲ ಮುಗಿದು ಹತ್ತು ದಿನಕ್ಕೆ ಬರುವ ಮೇಲ್ ಎಷ್ಟು ಖುಷಿ ಕೊಡುತ್ತದೆ ಅಂತ ನಿಮಗೆ ಗೊತ್ತಿಲ್ಲ.

ಕೊನೆಸಾಲು:

ಎಲ್ಲರಿಗೂ ಥ್ಯಾಂಕ್ಸ್. ಬೂಮ್‌ಹಿಡಿದವರೇ, ಹೆಸರೇ ಹೇಳುತ್ತಿದೆಯಲ್ಲ, ಕೊನೆ ಸಾಲು. ಅದೂ ಎಡಗಡೆ ಮೂಲೆ.

ಮೇಲ್ ಬರೆಯೋಕೆ ಕೂತಾಗ ಒಂದು ತಮಾಷೆ ಆಯ್ತು. ಎಲ್ಲಿ ಗಮನ ಜಾರಿತು ಅಂತ ನೆನೆಸಿಕೊಳ್ಳುತ್ತಾ ಹೋದೆ. ಮೊದಲು ಮುಳ್ಳು ನೋಡಿದೆ. ಆಮೇಲೆ ಆರರ ಅಂಕಿಯ ಕೆಳಗಿನ ತುಕ್ಕು. ಬೇಜಾರಾಗುತ್ತಿರುವಾಗ ಗಡಿಯಾರದ ಗಾಜಿನಲ್ಲಿ ಏನೋ ಅಲುಗಾಡಿತು. ಮೊಮ್ಮಗಳು ಬಾಗಿಲಿಂದಾಚೆ ಹೋಗುತ್ತಿರುವ ನೆರಳು. ಅದನ್ನು ನೋಡಿದಾಗ ಗಂಟಲು ಕಟ್ಟಿತ್ತು. ಅರ್ಧಕ್ಕೆ ಕತ್ತರಿಸಿದ್ದರೆ ನನಗದು ಕಾಣುತ್ತಲೇ ಇರಲಿಲ್ಲ! ಇಷ್ಟನ್ನೂ ಬರೆದು ಕಳಿಸಿದೆ. ಎಲ್ಲಿ ಕೂತಿದ್ದೆ ಅಂತಲೂ.

ಇವತ್ತು ಉತ್ತರ ಬಂತು. ಉದ್ದದ ಉತ್ತರ. ಫೋನಿನ ಮಾತನ್ನು ಮತ್ತೆ ಮಿಕ್ಸ್ ಮಾಡುತ್ತಾಳಂತೆ. ಗಡಿಯಾರ ಹಾಗೇ ಇರುತ್ತದಂತೆ. ಕೊನೆಯಲ್ಲಿ ಒಂದು ಸಾಲು: "ಸಾರ್, ಗಾಜಿನಲ್ಲಿ ಇರೋದು ಅವಳಲ್ಲ, ನಮ್ಮ ಸೌಂಡ್ ಹುಡುಗ. ಎಡಿಟ್‌ನಲ್ಲಿ ನಾವ್ಯಾರೂ ನೋಡಿರಲಿಲ್ಲ. ದಯವಿಟ್ಟು ಯಾರಿಗೂ ಹೇಳಬೇಡಿ."

ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಬೂಮ್‌ಹಿಡಿದವ:

ಅಯ್ಯೋ, ನಮ್ಮ ಕಸುಬಿನವನೇ. ಕಪ್ಪು ಬಟ್ಟೆ ಹಾಕಿಕೊಂಡು ಬಾ ಅಂತ ಮೊದಲ ದಿನವೇ ಹೇಳಿಕೊಡುತ್ತಾರೆ. ಏನು ಹಾಕಿದ್ದ?

ಕೊನೆಸಾಲು:

ಬಿಳಿ ಟೀ ಶರ್ಟ್.