ನಾಲ್ಕು ಗೋಪುರ, ಒಂದು ಬೆಳಗು: ಬೆಂಗಳೂರು ಸುತ್ತಲು ಸೈಕಲ್ ಎಷ್ಟು ಹೊತ್ತಿಗೆ ಹತ್ತಬೇಕು?

ಚಿಕ್ಕಚಕ್ರ: ಜನವರಿ ಕೊನೆಯ ಭಾನುವಾರ ಕೆಂಪೇಗೌಡರ ನಾಲ್ಕೂ ಗಡಿಗೋಪುರ ನೋಡಿ ಬರುವ ಯೋಚನೆ ಇದೆ: ಲಾಲ್‌ಬಾಗ್ ಬಂಡೆ, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತ, ಹಲಸೂರು. ಒಂದು ಸುತ್ತು 25ರಿಂದ 28 ಕಿ.ಮೀ. ಆಗಬಹುದು. ಹೈಬ್ರಿಡ್ ಸೈಕಲ್, 700×32 (32 ಮಿ.ಮೀ. ಅಗಲದ) ಟೈರು, ಸವಾರನ ತೂಕ 72 ಕೆಜಿ. ಎಷ್ಟು ಗಂಟೆಗೆ ಹೊರಡಲಿ, ಯಾವುದು ಮೊದಲು?

ಪೇಟೆಬೀದಿ: ನಾಲ್ಕೂವರೆಗೇ ಹೊರಡಿ. ಕೆ.ಆರ್. ಮಾರ್ಕೆಟ್‌ನ ಹೂವಿನ ವ್ಯಾಪಾರ ಆ ಹೊತ್ತಿಗೆ ರಂಗೇರಿರುತ್ತದೆ. ಅಲ್ಲಿಂದ ಅವೆನ್ಯೂ ರಸ್ತೆ, ಚಿಕ್ಕಪೇಟೆ. ಅಂಗಡಿ ತೆರೆದ ಮೇಲೆ ಆ ಬೀದಿಗಳಲ್ಲಿ ತಲೆ ಎತ್ತಿ ಒಂದು ಹಳೇ ಉಪ್ಪರಿಗೆ ನೋಡಲೂ ಜಾಗ ಇರುವುದಿಲ್ಲ. ಗೋಪುರ ಎಲ್ಲೂ ಹೋಗಲ್ಲ, ಪೇಟೆಯ ಆ ನಿಶ್ಶಬ್ದ ಮಾತ್ರ ಏಳರೊಳಗೆ ಮುಗಿದುಹೋಗುತ್ತದೆ.

ಮೇಖ್ರಿ ಏರು: ಒಪ್ಪಲಾರೆ. ಆ ಹೊತ್ತಿನಲ್ಲಿ ವಾಹನ ಕಮ್ಮಿ, ಆದರೆ ಇರುವ ವಾಹನಕ್ಕೆ ಲಂಗುಲಗಾಮಿಲ್ಲ. ಎಷ್ಟೋ ಸಿಗ್ನಲ್‌ಗಳು ಹಳದಿ ಮಿಣುಕುತ್ತಿರುತ್ತವೆ, ಯಾರೂ ನಿಲ್ಲಿಸುವುದಿಲ್ಲ. ಹಗಲು ನಿರ್ಬಂಧ ಶುರುವಾಗುವ ಮೊದಲೇ ಊರು ದಾಟಬೇಕೆಂದು ಟಿಪ್ಪರ್‌ಗಳು ಓಡುತ್ತವೆ. ರಾತ್ರಿ ಪಾಳಿ ಮುಗಿಸಿ ಬರುವ ಚಾಲಕನ ಕಣ್ಣು ತೂಗುತ್ತಿರುತ್ತದೆ. ಜನವರಿ ಕೊನೆಗೆ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ, ನಮ್ಮಲ್ಲಿ ಬೆಳಕು ಹರಿಯುವುದು ಅದಕ್ಕೆ ಇಪ್ಪತ್ತು ನಿಮಿಷ ಮೊದಲು. 6.20ಕ್ಕೆ ಹೊರಡಿ. ಮೇ ತಿಂಗಳಾದರೆ 5.30 ಸಾಕು.

ಪೇಟೆಬೀದಿ: ನೀವು ಹೇಳುವ ಅಪಾಯ ದೊಡ್ಡ ರಸ್ತೆಗಳದ್ದು. ಪೇಟೆಯೊಳಗೆ ಯಾವ ಟಿಪ್ಪರ್ ಬರುತ್ತದೆ? ಚಾಮರಾಜಪೇಟೆ, ಬಸವನಗುಡಿಯ ಅಡ್ಡರಸ್ತೆ ಹಿಡಿದರೆ ಮಾರ್ಕೆಟ್ ತನಕ ಮುಖ್ಯರಸ್ತೆಯನ್ನು ಎರಡು ಮೂರು ಕಡೆ ದಾಟಿದರೆ ಆಯಿತು. ಮುಂದೆ 300–400 ಲುಮೆನ್ ದೀಪ, ಎದುರಿನವರ ಕಣ್ಣಿಗೆ ಬಡಿಯದಂತೆ ಕೆಳಕ್ಕೆ ಬಗ್ಗಿಸಿ. ಹಿಂದೆ ಕೆಂಪು ದೀಪ ಎರಡು: ಒಂದು ಮಿಣುಕಲಿ, ಒಂದು ಸ್ಥಿರವಾಗಿರಲಿ. ಬರೀ ಮಿಣುಕುವ ದೀಪ ನೋಡಿ ಹಿಂದಿನವನಿಗೆ ದೂರ ಅಂದಾಜಾಗುವುದಿಲ್ಲ.

ಕಡ್ಡಿ ರಿಮ್ಮು: ದೀಪದ ಮಾತು ಸರಿ. ಆದರೆ ಮಾರ್ಕೆಟ್ ಒಳಗೆ ಸೈಕಲ್ ತುಳಿಯಬೇಡಿ, ಇಳಿದು ತಳ್ಳಿ. ನೆಲದ ತುಂಬ ನೀರು, ಬಾಳೆಎಲೆ, ಹೂವಿನ ದಂಟು. ಅದರ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರಿಯೇ ಜಾರುತ್ತದೆ. ತಲೆಹೊರೆ ಹೊತ್ತವರಿಗೆ ಪಕ್ಕದ್ದು ಕಾಣುವುದಿಲ್ಲ, ದಾರಿ ಬಿಡಬೇಕಾದವರು ನೀವು.

ಇನ್ನು ಟೈರಿನ ಗಾಳಿಯ ಮಾತು. 32 ಮಿ.ಮೀ. ಟೈರಿಗೆ ನಿಮ್ಮ ತೂಕಕ್ಕೆ ಹಿಂದೆ 65, ಮುಂದೆ 55–60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). 85 ತುಂಬಿದರೆ ಕಿತ್ತುಹೋದ ಡಾಂಬರಿನ ಮೇಲೆ ಸೈಕಲ್ ಕುಣಿಯುತ್ತದೆ, ಹಿಡಿತ ತಪ್ಪುತ್ತದೆ. 40ಕ್ಕೆ ಇಳಿದರೆ ಗುಂಡಿಯ ಅಂಚಿಗೆ ಬಡಿದು ಟ್ಯೂಬ್ ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ವೈಟ್‌ಟಾಪಿಂಗ್ (ಮೇಲೆ ಕಾಂಕ್ರೀಟ್ ಹಾಸಿದ) ರಸ್ತೆಯಲ್ಲಿ ಎರಡು ಹಾಸಿನ ನಡುವಿನ ಉದ್ದನೆಯ ಬಿರುಕಿನ ಮೇಲೆ ಕಣ್ಣಿರಲಿ. ಅದರ ಗುಂಟ ಹೋಗಬೇಡಿ, ಆದಷ್ಟು ನೇರ ಅಡ್ಡಕ್ಕೆ ದಾಟಿ. ಕತ್ತಲಲ್ಲಿ ಅದು ಕಾಣುವುದೇ ಇಲ್ಲ, ಹಾಗಾಗಿ ನನ್ನ ಮತ ಬೆಳಕಿಗೇ.

ಚಿಕ್ಕಚಕ್ರ: ಪಂಕ್ಚರ್ ಆದರೆ?

ಕಡ್ಡಿ ರಿಮ್ಮು: ಅಷ್ಟು ಬೇಗ ಯಾವ ಪಂಕ್ಚರ್ ಅಂಗಡಿಯೂ ತೆರೆದಿರುವುದಿಲ್ಲ. ಒಂದು ಟ್ಯೂಬ್, ಎರಡು ಟೈರ್ ಲಿವರ್, ಕೈಪಂಪು ಇರಲೇಬೇಕು. ಶನಿವಾರ ರಾತ್ರಿ ಕಳೆದ ಬೆಳಿಗ್ಗೆ ರಸ್ತೆಯಂಚಿನಲ್ಲಿ ಬಾಟಲಿ ಚೂರು ಜಾಸ್ತಿ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈ ಬಟ್ಟೆಯಿಂದ ಒಂದು ಸುತ್ತು ಸವರಿ. ಚೂರು ಉಳಿದಿದ್ದರೆ ಅಲ್ಲಿ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ. ಇದನ್ನು ಬಿಟ್ಟವರಿಗೆ ಹತ್ತು ನಿಮಿಷದಲ್ಲಿ ಎರಡನೇ ಪಂಕ್ಚರ್.

ಕೆರೆದಂಡೆ: ನಾಯಿಗಳ ವಿಷಯ ಯಾರೂ ಎತ್ತಲಿಲ್ಲವಲ್ಲ. ಕತ್ತಲಲ್ಲಿ ಬೀದಿ ಅವುಗಳದ್ದೇ. ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ, ಕಾಲು ಝಾಡಿಸಬೇಡಿ. ಓಡುವುದನ್ನು ಕಂಡರೆ ಅಟ್ಟುವುದು ನಾಯಿಯ ಸ್ವಭಾವ. ನಿಲ್ಲಿಸಿ, ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ; ಹೆಚ್ಚಿನವು ಅಲ್ಲಿಗೇ ಬಿಟ್ಟುಬಿಡುತ್ತವೆ. ಹಲ್ಲು ತಾಕಿದರೆ, ಬರೀ ಗೀರಾದರೂ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ರೇಬಿಸ್ ಚುಚ್ಚುಮದ್ದು ಶುರುಮಾಡಿ.

ಮೇಖ್ರಿ ಏರು: ಇನ್ನು ಗೋಪುರಗಳ ಸರದಿ. ಕೆಂಪಾಂಬುಧಿ ವೃಷಭಾವತಿ ಕಣಿವೆಯ ಕಡೆಗಿದೆ, ಮೇಖ್ರಿ ಊರಿನ ದಿಣ್ಣೆಯ ಮೇಲಿದೆ. ತಂಪಿರುವಾಗಲೇ ಆ ಏರು ಮುಗಿಸಿಬಿಡಿ: ಮೊದಲು ಕೆಂಪಾಂಬುಧಿ, ಆಮೇಲೆ ಮೇಖ್ರಿ, ಅಲ್ಲಿಂದ ಹೆಚ್ಚಾಗಿ ಇಳಿಜಾರಿನಲ್ಲೇ ಹಲಸೂರು. ಅಲ್ಲಿಯ ಗೋಪುರ ಸೇನೆಯ ಜಾಗದಲ್ಲಿದೆ, ಒಳಗೆ ನುಗ್ಗಬೇಡಿ, ಫೋಟೋಗೂ ಆಸೆಪಡಬೇಡಿ. ಕೊನೆಗೆ ಲಾಲ್‌ಬಾಗ್. ಒಳಗೆ ಸೈಕಲ್ ಬಿಡುವುದಿಲ್ಲ, ಬೀಗ ಬೇಕು.

ಪೇಟೆಬೀದಿ: ಈ ಸರದಿ ಚೆನ್ನಾಗಿದೆ, ಕೆಂಪಾಂಬುಧಿಯಿಂದ ಮೇಖ್ರಿಗೆ ಹೋಗುವಾಗ ಪೇಟೆಯೂ ಸಿಗುತ್ತದೆ. 6.20ಕ್ಕೆ ಹೊರಟರೂ ಏಳರೊಳಗೆ ಚಿಕ್ಕಪೇಟೆ ಮುಟ್ಟಬಹುದು, ಅಷ್ಟನ್ನು ಒಪ್ಪುತ್ತೇನೆ. ಹೂವಿನ ಮಾರ್ಕೆಟ್ ಮಾತ್ರ ಕತ್ತಲಲ್ಲೇ ನೋಡಬೇಕು. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಚಿಕ್ಕಚಕ್ರ: ಹಾಗಾದರೆ 6.20, ಕೆಂಪಾಂಬುಧಿಯಿಂದ ಶುರು. ಬೀಗ ಎಂಥದ್ದು?

ಕಡ್ಡಿ ರಿಮ್ಮು: ಯು-ಲಾಕ್. ಹಿಂದಿನ ಚಕ್ರ, ಫ್ರೇಮು, ಕಬ್ಬಿಣದ ಕಂಬಿ ಮೂರನ್ನೂ ಸೇರಿಸಿ ಹಾಕಿ. ಮುಂದಿನ ಚಕ್ರ ಕ್ವಿಕ್ ರಿಲೀಸ್ (ಕೈಯಲ್ಲೇ ಬಿಚ್ಚುವಂಥದ್ದು) ಆಗಿದ್ದರೆ ಅದಕ್ಕೊಂದು ಕೇಬಲ್. ದೀಪ, ಪಂಪು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ.