ಅಪ್‌ಡೇಟ್: ಕ್ಲಚ್ ನಡುಕ ನಿಂತಿತು

ಹೋದ ತಿಂಗಳು ಕೇಳಿದ್ದೆನಲ್ಲ, ನನ್ನ ಹಳೆಯ ಸ್ಪೋರ್ಟ್ಸ್ ಕಾರು ಫಸ್ಟ್ ಗೇರಿನಲ್ಲಿ ಹೊರಡುವಾಗ ಗಡಗಡ ನಡುಗುತ್ತದೆ, ಕ್ಲಚ್ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದೆ ಅಂತ. ಒಂದೇ ಕಾಯಿಲೆ ಅಂದುಕೊಂಡಿದ್ದೆ. ಎರಡಿತ್ತು.

ಪೆಡಲ್ ಕಥೆ ಸಣ್ಣದು. ಕ್ಲಚ್ ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅದಕ್ಕೆ ಹಾಕುವ ಡಾಟ್ 4 ದರ್ಜೆಯ ಆಯಿಲ್ ಗಾಳಿಯ ತೇವ ಹೀರುತ್ತದೆ, ಇನ್ನು ನಮ್ಮ ತೀರ್ಥಹಳ್ಳಿ ಮಳೆಗಾಲದಲ್ಲಿ ಕೇಳಬೇಕೇ! ಹೊಸದು ಹಾಕಿ ಪೈಪಿನೊಳಗಿನ ಏರ್ ತೆಗೆಸಿದೆ, ಪೆಡಲ್ ಗಟ್ಟಿಯಾಯಿತು. ನಡುಕ ಹೋಗಲಿಲ್ಲ.

ಇಂಜಿನ್ ಮೌಂಟ್ (ಇಂಜಿನ್ ಕೂರಿಸಿರುವ ರಬ್ಬರ್ ಆಸರೆ) ನೋಡಿ ಅಂದವರಿಗೆ ಥ್ಯಾಂಕ್ಸ್, ಅವು ಚೆನ್ನಾಗಿದ್ದವು. ಕೊನೆಗೆ ಶಿವಮೊಗ್ಗದಲ್ಲಿ ಗೇರ್‌ಬಾಕ್ಸ್ ಇಳಿಸಿದಾಗ ಗೊತ್ತಾಯಿತು. ಕ್ರ್ಯಾಂಕ್ (ಇಂಜಿನ್ನಿನ ತಿರುಗುವ ಮುಖ್ಯ ದಂಡ) ಹಿಂದಿನ ಆಯಿಲ್ ಸೀಲ್ ಜಿನುಗಿ ಕ್ಲಚ್ ಪ್ಲೇಟ್ ಅಂಚು ಒದ್ದೆಯಾಗಿತ್ತು. ಕ್ಲಚ್ ಪ್ಲೇಟ್ ಒತ್ತಿ ಹಿಡಿಯುವ ಭಾರದ ಚಕ್ರ, ಅಂದರೆ ಫ್ಲೈವೀಲ್ ಮೇಲೆ ನವಿಲುಗರಿಯಂಥ ನೀಲಿ ಕಲೆಗಳು. ಆ ನೀಲಿ ಮಾತ್ರ ಸೀಲಿನ ತಪ್ಪಲ್ಲ, ನನ್ನದೇ. ಆಗುಂಬೆ ಘಾಟಿ ತಿರುವಿನಲ್ಲಿ ಬಸ್ ಹಿಂದೆ ನಿಂತಾಗಲೆಲ್ಲ ಹ್ಯಾಂಡ್‌ಬ್ರೇಕ್ ಎಳೆಯದೆ ಪೆಡಲ್ ಅರ್ಧ ಒತ್ತಿ ಹಾಫ್ ಕ್ಲಚ್‌ನಲ್ಲೇ ಹಿಡಿದಿರುತ್ತಿದ್ದೆ, ಆ ಉಜ್ಜಾಟಕ್ಕೆ ಕಾದು ನೀಲಿಯಾಗಿದೆ.

ಸೀಲ್, ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಎಲ್ಲ ಹೊಸದು. ಫ್ಲೈವೀಲ್ ಡ್ಯುಯಲ್ ಮಾಸ್ (ನಡುವೆ ಸ್ಪ್ರಿಂಗ್ ಇರುವ ಎರಡು ಭಾಗದ್ದು) ಅಲ್ಲ, ಹಾಗಾಗಿ ಮೆಷಿನ್‌ನಲ್ಲಿ ಸಮ ಮಾಡಿಸಿದರೆ ಸಾಕಾಯಿತು. ಕೆಲವು ವಾರ ಮೆಲ್ಲಗೆ ಓಡಿಸಿ ನಿನ್ನೆ ಘಾಟಿ ಹತ್ತಿದೆ. ನಡುಕ ಇಲ್ಲ. ಕ್ಲಚ್ ಹಿಡಿಯುವ ಜಾಗ ಮಾತ್ರ ಬದಲಾಗಿದೆ, ಕಾಲಿಗೆ ಇನ್ನೂ ಅಭ್ಯಾಸವಾಗಿಲ್ಲ. ಇವತ್ತು ಬೆಳಿಗ್ಗೆ ಮನೆ ಗೇಟಿನಲ್ಲೇ ಎರಡು ಸಲ ಆಫ್ ಆಯಿತು. ಪಕ್ಕದ ಮನೆ ಹುಡುಗ ನೋಡಿ ನಕ್ಕ.