ಗದ್ದೆ ಬದುವಿನ ಬಿಳಿ-ಹಳದಿ ಹೂ ಆರ್ಕಿಡ್ಡೇ? ಗುರುತಿಸಿದ ಅನುಭವ ಇದ್ದವರು ಹೇಳಿ

ಹೊಸನಗರ (ಕೇಳಿದವರು): ಜನವರಿ, ಕೊಯ್ಲಾದ ಗದ್ದೆಯ ಬದು, ಇನ್ನೂ ನೀರು ಜಿನುಗೋ ಜಾಗ. ಗೇಣುದ್ದ ಗಿಡ, ಹುಲ್ಲಿನಂಥ ಕಂದು ಎಲೆ, ತುದೀಲಿ ಒತ್ತೊತ್ತಾಗಿ ಪುಟ್ಟ ಬಿಳಿ ಹೂ, ನಡುವೆ ಹಳದಿ. ಹೆಸರು ಹೇಗೆ ಹಿಡಿಯೋದು?

ಶಿರಸಿ: ಸ್ಪರ್ ಅಳೆಯಿರಿ, ಅಂದ್ರೆ ಹೂವಿನ ಹಿಂದಿನ ಬಾಲ. ನಮ್ಮ ಬ್ಯಾಣದ (ಹುಲ್ಲುಗಾವಲಿನ) ಹಬೆನೇರಿಯಾಗಳನ್ನೆಲ್ಲ, ಅಂದ್ರೆ ನೆಲದಲ್ಲಿ ಬೆಳೆಯೋ ಒಂದು ಕುಲದ ಆರ್ಕಿಡ್‌ಗಳನ್ನ, ಹಾಗೇ ಗುರುತಿಸಿದ್ದು. ಅದರಲ್ಲಿ ಲಾಂಗಿಕಾರ್ನಿಕ್ಯುಲೇಟಾ ಜಾತಿಯ ಬಾಲ 10 ಸೆಂ.ಮೀ. ದಾಟತ್ತೆ. ಗ್ರಾಂಡಿಫ್ಲೋರಿಫಾರ್ಮಿಸ್ ಆದ್ರೆ ನೆಲಕ್ಕಂಟಿದ ಒಂದೇ ಗುಂಡೆಲೆ, ಜೂನ್-ಜುಲೈ. ಹೇನಿಯಾನಾದ ಹೂವೆಲ್ಲ ಒಂದೇ ಮಗ್ಗುಲಿಗೆ. ಮಾರ್ಜಿನೇಟಾಗೆ ಹಳದಿ ಹೂ, ಎಲೆ ಅಂಚು ಬಿಳಿಚು. ಮುಂದಿನಿಂದ ಮಾತ್ರ ತೆಗೆದ ಫೋಟೊ ದಂಡ. ಪಕ್ಕದಿಂದ ಬಾಲ, ಬುಡದ ಎಲೆ, ಹೂವಿನಡಿಯ ಪುಟ್ಟೆಲೆ, ಪಕ್ಕದಲ್ಲೊಂದು ಸ್ಕೇಲು, ಎಲ್ಲಾ ಬೇಕು. ಫೋನಿಗೆ ಸಿಕ್ಕಿಸೋ ಮ್ಯಾಕ್ರೊ ಲೆನ್ಸಿಗೆ 800 ರೂಪಾಯಿ ಸುರಿದೆ, ಒಂದೇ ಮಳೆಗಾಲಕ್ಕೆ ಒಳಗೆಲ್ಲ ಬೂಷ್ಟು. 10 ಪಟ್ಟಿನ ಕೈ ಲೆನ್ಸೇ ವಾಸಿ.

ಮಡಿಕೇರಿ: ಬಾಲ ಅಳೆದ್ರೆ ಮುಗೀತಾ ಸ್ವಾಮಿ? ಬಾಲ ಗಿಡ್ಡ ಅಂದ ತಕ್ಷಣ ಪೆರಿಸ್ಟೈಲಸ್ (ಹಬೆನೇರಿಯಾದ ಹತ್ತಿರದ ಕುಲ) ಅಂತ ಬರ್ಕೊಳ್ಳೋರು ನಿಮ್ಮಂಥವರೇ. ಶಲಾಕಾಗ್ರ, ಅಂದ್ರೆ ಹೂವಲ್ಲಿ ಪರಾಗ ಅಂಟೋ ಭಾಗ, ನೋಡಿ. ಹಬೆನೇರಿಯಾದಲ್ಲಿ ಎರಡು ಕಡ್ಡಿಗಳಾಗಿ ಮುಂದೆ ಚಾಚಿರತ್ತೆ, ಪೆರಿಸ್ಟೈಲಸ್ಸಿನಲ್ಲಿ ದಿಂಬಿನ ಹಾಗೆ ಒಳಗೇ ಅಂಟಿರತ್ತೆ. ಒತ್ತಿ ಒಣಗಿಸಿದ ಹೂವಲ್ಲಿ ಇದು ಕಾಣಲ್ಲ. ಒಂದು ಹೂವನ್ನ 70% ಆಲ್ಕೋಹಾಲಿನಲ್ಲಿ ಇಡಬೇಕು.

ಸಾಗರ: ಅಷ್ಟೆಲ್ಲ ಯಾಕೆ, ಬುಡ ಅಗೆದು ನೋಡಿ. ಗೆಡ್ಡೆ ಇದ್ರೆ ಹಬೆನೇರಿಯಾ ಕಡೆ. ಕುಂಡದಲ್ಲೂ ಇಡಬಹುದು.

ಶಿರಸಿ: ಅಗೆಯೋದಂತೆ! ಹಳೇ ಗೆಡ್ಡೆ ಪಕ್ಕ ಮುಂದಿನ ವರ್ಷದ ಮರಿಗೆಡ್ಡೆ ಕೂತಿರತ್ತೆ. ಕಿತ್ರೆ ಎರಡೂ ಹೋಯ್ತು. ಕಾಯ್ದಿಟ್ಟ ಕಾಡಾದ್ರೆ ಕೇಸು ಬೇರೆ. ಕುಂಡದ ಮಣ್ಣಲ್ಲಿ ಅದರ ಬೇರಿಗೆ ಬೇಕಾದ ಶಿಲೀಂಧ್ರ ಉಳಿಯಲ್ಲ. ಎಲೆ ಒಣಗಿದ ಮೇಲೂ ಜನ ನೀರು ಹಾಕ್ತಾರೆ, ಗೆಡ್ಡೆ ಕೊಳೆಯತ್ತೆ.

ಸಾಗರ: ನನ್ನ ಕುಂಡದಲ್ಲಿ ಹೂ ಬಿಟ್ಟಿದೆ.

ಮಡಿಕೇರಿ: ಕಿತ್ತ ವರ್ಷ ಬಿಡತ್ತೆ, ಹಳೇ ಗೆಡ್ಡೆಯ ಸಾರದಲ್ಲಿ. ಮೂರನೇ ವರ್ಷ ಹೇಳಿ.

ಉಡುಪಿ: ಮಾರಾಯ್ರೆ, ಅವರು ಕೇಳಿದ್ದು ಜನವರಿ ಗಿಡ! ನೀವು ಹೇಳ್ತಿರುವ ಹಬೆನೇರಿಯಾ ಎಲ್ಲ ಆಗ ಮಣ್ಣೊಳಗೆ ಮಲಗಿರ್ತದೆ. ಇದು ಜ್ಯೂಕ್ಸೈನ್ ಸ್ಟ್ರಾಟ್ಯುಮ್ಯಾಟಿಕಾ, ಆರ್ಕಿಡ್ಡೇ. ತಾಳೆ ನೋಡಿ: ಎಲೆಗೆ ತೊಟ್ಟಿಲ್ಲ, ಬುಡ ದಂಟನ್ನು ಸುತ್ತಿರ್ತದೆ, ಬಿಸಿಲಿಗೆ ಕಂದು-ಕೆಂಪು. ಹೂವಿನಡಿಯ ಪುಟ್ಟೆಲೆ ಹೂವಿಗಿಂತ ಉದ್ದ. ಮೇಲಿನ ಎಸಳುಗಳು ಸೇರಿ ಬಿಳಿ ಮುಸುಕು, ಕೆಳತುಟಿ ಹಳದಿ. ಉದ್ದ ಬಾಲ ಇಲ್ಲವೇ ಇಲ್ಲ, ತುಟಿ ಬುಡದಲ್ಲಿ ಚಿಕ್ಕ ಚೀಲ. ಗೆಡ್ಡೆಯೂ ಇಲ್ಲ, ನೆಲದಲ್ಲಿ ತೆವಳುವ ರಸಭರಿತ ಕಾಂಡ ಮಾತ್ರ. ಪರಾಗಸ್ಪರ್ಶಕ್ಕೂ ಕಾಯದೆ ಕಾಯಿ ಕಟ್ಟುವ ಜಾತಿ, ಹೂ ಬೇಗ ಬಾಡ್ತದೆ. ತುಟಿಯ ಫೋಟೊ ಮೊದಲು ತೆಗೀರಿ.

ಮಡಿಕೇರಿ: ಫ್ಲಾರಿಡಾದಲ್ಲಿ ಹುಲ್ಲುಹಾಸಿನ ಕಳೆ ಅದು. ಅದಕ್ಕೆ ಇಷ್ಟು ಆರ್ಭಟ!

ಉಡುಪಿ: ಅಲ್ಲಿ ಹೊರಗಿನಿಂದ ಹೋದದ್ದು, ಇಲ್ಲಿ ನಮ್ಮದೇ. ನಿಮ್ಮ ಆಲ್ಕೋಹಾಲಿನ ಹೂ ಎಷ್ಟು ಬಣ್ಣ ಉಳಿಸಿಕೊಂಡಿದೆ, ಅದನ್ನು ಹೇಳಿ.

ಮಡಿಕೇರಿ: ಬಣ್ಣ ಬರ್ಕೊಳ್ಳೋಕೆ ನೋಟ್‌ಬುಕ್ ಇದೆ.

ಹೊಸನಗರ: ಉಡುಪಿಯವರೇ, ಬಾಲ ಇಲ್ಲ, ಚೀಲ ಇದೆ. ತುಟಿ ಹಳದಿಯೇ. ಬದುವಿಗೆ ನಾಳೆ ಕಳೆನಾಶಕ ಹೊಡೀಬೇಕಿತ್ತು, ಆ ಐದಾರು ಮಾರು ಬಿಡ್ತೀನಿ.